ಹಿಂದಿನ ಚಕ್ರದ ಪೈಪು

ದೇವರು ಕಬ್ಬಿಣಕ್ಕೆ ಬಾಯಿ ಕೊಡಲಿಲ್ಲ. ಕೊಟ್ಟಿದ್ದರೆ ಆ ಸೋಮವಾರ ಬೆಳಿಗ್ಗೆ ತೋಡಾರಿನ ಒಂದು ಗ್ಯಾರೇಜಿನ ಅಂಗಳದಲ್ಲಿ ಮೂವರು ಗಂಡಸರು ಹಳೆಯ ವ್ಯಾನಿನ ಸುತ್ತ ಹಾಗೆ ಮುಖ ಗಂಟು ಹಾಕಿಕೊಂಡು ನಿಲ್ಲಬೇಕಾಗಿರಲಿಲ್ಲ.

ವ್ಯಾನು ಶಿರ್ತಾಡಿಯ ಕೂಸಪ್ಪನದು. ಇಪ್ಪತ್ತೆಂಟು ವರ್ಷ ಹಳತು. ಮಳೆಗಾಲದಲ್ಲಿ ಅವನು ಅದಕ್ಕೆ ಪಂಪು, ಡ್ರಮ್ಮು, ಏಣಿ ತುಂಬಿಕೊಂಡು ಬೆಳ್ತಂಗಡಿಯವರೆಗೂ ಹೋಗಿ ಜನರ ಅಡಿಕೆ ಮರಗಳಿಗೆ ಮದ್ದು ಬಿಡಿಸುತ್ತಿದ್ದ. ಉಳಿದ ತಿಂಗಳುಗಳಲ್ಲಿ ಮದುವೆ ಮನೆಗಳಿಗೆ ಪಾತ್ರೆ ಸಾಗಿಸುತ್ತಿದ್ದ. ಹದಿನೈದು ದಿನಗಳ ಹಿಂದೆ ಹೆಂಡತಿ ರಾಜೀವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳ್ತಂಗಡಿಯಿಂದ ಬರುವಾಗ ಊರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಪೆಡಲು ನೆಲದವರೆಗೆ ಹೋಗಿ ಅಲ್ಲೇ ಕೂತಿತು. ಹಳೆಯ ಕಾಲದ ಬ್ರೇಕು ಅದು. ಒಂದು ಪೈಪಿನಲ್ಲಿ ಎಣ್ಣೆ ಸೋರಿದರೆ ನಾಲ್ಕು ಚಕ್ರಗಳೂ ಒಟ್ಟಿಗೆ ಕೈಬಿಡುತ್ತವೆ. ಎದುರಿನಿಂದ ಬಸ್ಸು ಬರುತ್ತಿತ್ತು. ಕೂಸಪ್ಪ ವ್ಯಾನನ್ನು ಎಡಬದಿಯ ಮಣ್ಣಿನ ಬರೆಗೆ ಉಜ್ಜಿ ನಿಲ್ಲಿಸಿದ. ಅವನಿಗೆ ಒಂದು ಗೀರೂ ಆಗಲಿಲ್ಲ. ರಾಜೀವಿಯ ಎಡಗೈ ಎರಡು ಕಡೆ ಮುರಿಯಿತು.

ಆ ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ನಿಂತು ಅವನು ಊರಿನ ಕೃಷಿಕರ ವಾಟ್ಸಾಪ್ ಗುಂಪಿಗೆ ಮಾತಾಡಿ ಕಳಿಸಿದ. ಒಂದು ನಿಮಿಷ ನಲವತ್ತು ಸೆಕೆಂಡು. "ತೋಡಾರಿನ ನಿಝಾರ್ ಎರಡು ವರ್ಷದ ಹಿಂದೆ ನನ್ನ ಗಾಡಿಗೆ ಬ್ರೇಕ್ ಪೈಪು ಹಾಕಿದ್ದು. ಹೊಸತು ಹೇಳಿ ತುಕ್ಕು ತಿಂದ ಲಡ್ಡು ಕಬ್ಬಿಣ ಹಾಕಿದ್ದಾನೆ. ನನ್ನ ಹೆಂಡತಿ ಸಾಯ್ತಿದ್ದಳು. ಶಾಲೆ ಮಕ್ಕಳನ್ನು ವ್ಯಾನಿನಲ್ಲಿ ಕಳಿಸುವವರು ನೋಡಿಕೊಳ್ಳಿ." ಇನ್ನೂ ಬಹಳ ಇತ್ತು, ಬರೆಯುವಂಥದ್ದಲ್ಲ. ಅದು ರಾತ್ರಿಯೊಳಗೆ ಮೂಡುಬಿದಿರೆಗೆ, ಮರುದಿನ ಬೆಳ್ತಂಗಡಿಗೆ, ಮೂರನೆಯ ದಿನ ಬಂಟ್ವಾಳಕ್ಕೆ ಹೋಯಿತು. ದಾರಿಯಲ್ಲಿ ಯಾರೋ ಅದರ ಮೇಲೆ ಒಂದು ಸಾಲು ಸೇರಿಸಿದರು: 'ಇಂಥವರ ಗ್ಯಾರೇಜಿಗೆ ಹೋಗುವ ಮೊದಲು ಯೋಚಿಸಿ.' ಆ ಸಾಲು ಕೂಸಪ್ಪನದಲ್ಲ. ಆದರೆ ಅವನು ಅದನ್ನು ಓದಿದ್ದ, ಬೇಡ ಎನ್ನಲಿಲ್ಲ.

ನಿಝಾರ್‌ಗೆ ಐವತ್ತೆರಡು. ಸುತ್ತಲಿನ ಮೂರು ಪೇಟೆಗಳಲ್ಲಿ ಅವನಿಗಿದ್ದ ಹೆಸರು 'ಬ್ರೇಕಿನ ನಿಝಾರ್'. ಕಂಪೆನಿಯವರೇ ಮರೆತ ಗಾಡಿಗಳಿಗೂ ಅವನು ಉಕ್ಕಿನ ಪೈಪು ಕೊಯ್ದು, ಕೈಯಲ್ಲೇ ಬಗ್ಗಿಸಿ, ತುದಿ ಅರಳಿಸಿ ಕೂರಿಸುತ್ತಿದ್ದ. ಆ ಮಾತು ಹೊರಟ ಮೂರನೆಯ ದಿನ ಎರಡು ಶಾಲಾ ವ್ಯಾನುಗಳ ಯಜಮಾನರು ಬಂದು ಅರ್ಧ ಬಿಚ್ಚಿದ ಗಾಡಿಗಳನ್ನು ಹಾಗೆಯೇ ಎಳೆದುಕೊಂಡು ಹೋದರು. ಐದನೆಯ ದಿನ ಅವನ ಕೆಲಸದಾಳು, ಹನ್ನೆರಡು ವರ್ಷ ಜೊತೆಗಿದ್ದವನು, ಮೂಡುಬಿದಿರೆಯ ಬೇರೆ ಗ್ಯಾರೇಜು ಸೇರಿದ. ಆಮೇಲೆ ಬ್ರೇಕಿನ ಕೆಲಸಕ್ಕೆಂದು ಒಂದು ಸೈಕಲ್ಲೂ ಬರಲಿಲ್ಲ.

ಕೂಸಪ್ಪನೂ ಬರುತ್ತಿರಲಿಲ್ಲ. ಆದರೆ ಬಂಟ್ವಾಳದಲ್ಲಿ ವಿಚಾರಿಸಿದರೆ ಈ ವ್ಯಾನಿನ ಪೈಪು ಈಗ ಬರುವುದೇ ಇಲ್ಲ ಎಂದರು. ಬೆಳ್ತಂಗಡಿಯಲ್ಲಿ ಕೇಳಿದರೆ, "ಬಗ್ಗಿಸಿ ಕೊಡುವವ ಒಬ್ಬನೇ ಇದ್ದದ್ದು ಮಾರಾಯ, ಅವನ ಮರ್ಯಾದೆ ನೀನೇ ತೆಗೆದಿದ್ದೀ" ಎಂದು ನಕ್ಕರು. ಆ ನಗು ಕೂಸಪ್ಪನಿಗೆ ತಾಗಿತು. ಸರಿ, ಅವನ ಅಂಗಳಕ್ಕೇ ಹೋಗುವ, ಅವನ ಕೈಯಿಂದಲೇ ಬಿಚ್ಚಿಸಿ, ಅವನ ಲಡ್ಡು ಪೈಪನ್ನು ಅವನ ಮುಖಕ್ಕೇ ಹಿಡಿಯುವ ಎಂದು ಹೊರಟ. ಸಾಕ್ಷಿಗೆ ನರಿಕೊಂಬಿನ ಲೋಕನಾಥನನ್ನು ಕರೆದುಕೊಂಡ. ಲೋಕನಾಥ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಬೆಳಿಗ್ಗೆ ದೇವಸ್ಥಾನಕ್ಕೆ ಹೋಗದೆ ಕಾಫಿ ಕುಡಿಯದವನು. ಬ್ರೇಕಿನ ವಿಷಯ ಬಲ್ಲವನು ಎಂದು ನಿಝಾರ್‌ನೂ ಒಪ್ಪಿದ.

ಹೀಗೆ ವ್ಯಾನು ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಕೂಸಪ್ಪ ಇಳಿದು ಗೇಟಿನ ಕಡೆ ಮುಖ ಮಾಡಿ ನಿಂತ.

"ಲೋಕನಾಥಣ್ಣ, ಅವನಿಗೆ ಹೇಳಿ, ನಾನು ರಿಪೇರಿಗೆ ಬಂದದ್ದಲ್ಲ."

ನಿಝಾರ್ ಸ್ಪಾನರು ಒರೆಸುತ್ತ ಹೇಳಿದ, "ಇವರಿಗೆ ಹೇಳಿ, ಇದು ರಿಪೇರಿ ಮಾಡುವ ಜಾಗ. ಸುಮ್ಮನೆ ತಿರುಗಾಡಲಿಕ್ಕೆ ಹೊರಟವರು ಕಳಂಜಿಮಲೆ ಗುಡ್ಡ ಹತ್ತಲಿ."

"ಇಬ್ಬರ ಮಧ್ಯೆ ಮೂರು ಅಡಿ ಇಲ್ಲ," ಎಂದ ಲೋಕನಾಥ. "ನಾನೆಂತ ಟೆಲಿಫೋನಾ?"

"ಇರಲಿ, ಹೇಳಿ. ಪೈಪು ಬಿಚ್ಚುವ ಮೊದಲು ಅವನು ಆಣೆ ಹಾಕಬೇಕು. ಹೊಸ ಪೈಪೇ ಹಾಕಿದ್ದು ಹೇಳಿ. ಅವನ ದೇವರ ಮೇಲೆ ಹಾಕಲಿ, ನಮ್ಮ ದೈವದ ಮೇಲೆ ಹಾಕಲಿ, ನನಗೆ ಅಡ್ಡಿ ಇಲ್ಲ."

ನಿಝಾರ್‌ನ ಕೈ ನಿಂತಿತು. "ಅಲ್ಲಾಹನ ಎದುರು ನಾನು ದಿನಕ್ಕೆ ಐದು ಸಲ ನಿಲ್ತೇನೆ. ಇವರು ಕರೆದಾಗ ಆರನೇ ಸಲ ನಿಲ್ಲಲಿಕ್ಕೆ ಆಗುವುದಿಲ್ಲ. ಪೈಪು ಬಿಚ್ಚುವ, ಪೈಪೇ ಹೇಳಲಿ. ಅದು ನನ್ನ ತಪ್ಪು ಹೇಳಿದರೆ ಈ ಶಟರು ಇವತ್ತೇ ಎಳೆಯುತ್ತೇನೆ. ಇನ್ನು ಬ್ರೇಕಿಗೆ ಕೈ ಹಾಕುವುದಿಲ್ಲ. ಲೋಕನಾಥಣ್ಣ, ನೀವು ಕೇಳಿದ್ದೀರಿ."

"ಕೇಳಿದೆ," ಎಂದ ಲೋಕನಾಥ. ಅವನು ನಗಲಿಲ್ಲ.

ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಪೈಪು ವ್ಯಾನಿನ ಎಡ ಹೊಟ್ಟೆಗೆ ಅಂಟಿಕೊಂಡು ಹೋಗುತ್ತದೆ. ನಿಝಾರ್ ಅಡಿಗೆ ಜಾರಿ ಟಾರ್ಚು ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವನ ಧ್ವನಿ ಬಂತು.

"ಇಲ್ಲಿ ಗೋಣಿ ಕಟ್ಟಿದ್ದು ಯಾರು?"

"ಯಾವ ಗೋಣಿ?"

"ಪೈಪಿಗೆ ಗೋಣಿಯ ಪಟ್ಟಿ ಸುತ್ತಿ ಹುರಿಹಗ್ಗ ಹಾಕಿದೆ. ನಾನು ಅಲ್ಲಿ ರಬ್ಬರು ಕ್ಲಿಪ್ಪು ಹಾಕಿದ್ದೆ."

"ಕ್ಲಿಪ್ಪು ಬಿದ್ದು ಹೋಗಿ ಟಕಟಕ ಹೇಳ್ತಿತ್ತು. ಕಟ್ಟಿದೆ. ಗೋಣಿ ಕಟ್ಟಿದ್ದಕ್ಕೆ ಕಬ್ಬಿಣ ಒಡೆಯುವುದುಂಟಾ? ಲೋಕನಾಥಣ್ಣ, ನೋಡಿ, ಈಗಲೇ ತಪ್ಪು ಗೋಣಿಯ ಮೇಲೆ ಹಾಕಲಿಕ್ಕೆ ಶುರು ಮಾಡಿದ."

ಪೈಪು ಹೊರಗೆ ಬಂತು. ಗೋಣಿ ಕಟ್ಟಿದ್ದ ಜಾಗದಲ್ಲಿ ಒಂದು ಗೇಣು ಉದ್ದಕ್ಕೆ ಅದು ತೆಳ್ಳಗಾಗಿ, ನಡುವೆ ಬಾಯಿ ಬಿಟ್ಟಿತ್ತು. ಮೇಲೆ ಹಸಿರು ನೀಲಿಯ ಹಕ್ಕಳೆ. ಲೋಕನಾಥ ಉಗುರಿನಿಂದ ಕೆರೆದ. ಹಕ್ಕಳೆಯ ಅಡಿಯಿಂದ ಕೆಂಪು ಹೊಳೆಯಿತು. ತುಕ್ಕಿನ ಕೆಂಪಲ್ಲ. ತೊಳೆದ ತಾಮ್ರದ ತಂಬಿಗೆಯ ಕೆಂಪು.

"ತಾಮ್ರ!" ಕೂಸಪ್ಪ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನು ತಿರುಗಿ ನೋಡಿದ. "ನೋಡಿದಿರಾ? ಉಕ್ಕು ಹೇಳಿ ತಾಮ್ರದ ಪೈಪಿಗೆ ಬಣ್ಣ ಬಳಿದು ಹಾಕಿದ್ದು! ಫ್ರಿಜ್ಜಿಗೆ ಹಾಕುವುದನ್ನು ನನ್ನ ಗಾಡಿಗೆ ಹಾಕಿದ್ದು! ಬ್ರೇಕಿನ ನಿಝಾರ್ ಅಂತೆ. ಥೂ!"

ನಿಝಾರ್ ಒಳಗೆ ಹೋಗಿ ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಲೋಕನಾಥನ ಕೈಯಲ್ಲಿಟ್ಟ. ಅದು ಪೈಪಿಗೆ ಟಪ್ಪನೆ ಹಿಡಿಯಿತು. ಕೆಂಪಗಿದ್ದಲ್ಲಿಯೂ ಹಿಡಿಯಿತು.

"ಕಬ್ಬಿಣವೇ," ಎಂದ ಲೋಕನಾಥ. ಆಮೇಲೆ ತಲೆ ಕೆರೆದುಕೊಂಡ. "ಕಬ್ಬಿಣವೇ ನಿಝಾರ್. ಆದರೆ ಈ ಕೆಂಪು ಎಲ್ಲಿಂದ ಬಂತು? ಮೂವತ್ತೊಂದು ವರ್ಷದಲ್ಲಿ ನಾನು ಇಂಥದ್ದು ಕಂಡದ್ದಿಲ್ಲ."

"ನಾನೂ ಕಂಡದ್ದಿಲ್ಲ."

"ನೀನೇ ಹಾಕಿದ್ದಲ್ಲವಾ?"

"ನಾನು ಹಾಕಿದ್ದು ಒಳ್ಳೆಯ ಉಕ್ಕು. ಇದು ಹೀಗೆ ಹೇಗಾಯಿತು ನನಗೆ ಗೊತ್ತಿಲ್ಲ."

"ಗೊತ್ತಿಲ್ಲವಂತೆ!" ಕೂಸಪ್ಪ ಕೈ ತಟ್ಟಿದ. "ಹಾಕಿದವನಿಗೇ ಗೊತ್ತಿಲ್ಲ. ಕಲಬೆರಕೆ ಉಕ್ಕು, ಮತ್ತೆಂತ? ತೀರ್ಪು ಹೇಳಿ ಲೋಕನಾಥಣ್ಣ."

ಲೋಕನಾಥ ಪೈಪನ್ನು ತಿರುಗಿಸಿ ಎರಡೂ ತುದಿ ನೋಡಿದ. ಸುಳ್ಳು ಹೇಳಲಾರದವನಿಗೆ ಸತ್ಯ ಪೂರ್ತಿ ಕಾಣದಿದ್ದರೆ ನಾಲಿಗೆ ಭಾರವಾಗುತ್ತದೆ. ಕೊನೆಗೆ ಹೇಳಿದ, "ಒಳ್ಳೆಯ ಪೈಪು ಎರಡು ವರ್ಷಕ್ಕೆ ಹೀಗಾಗುವುದಿಲ್ಲ ನಿಝಾರ್. ಕಾರಣ ಬೇರೆ ಉಂಟಾದರೆ ನೀನು ತೋರಿಸಬೇಕು. ತೋರಿಸಲಿಕ್ಕೆ ಆಗದಿದ್ದರೆ ಈ ಪೈಪು ನಿನ್ನ ಪರ ಮಾತಾಡುವುದಿಲ್ಲ. ನಾನೆಂತ ಮಾಡಲಿ?"

ನಿಝಾರ್ ತಲೆಯಾಡಿಸಿದ. ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿಗಿಂತ ಕೆಟ್ಟದ್ದು ಏನೋ ಇತ್ತು. "ಸರಿ. ಬಿಚ್ಚಿದ್ದನ್ನು ಹಾಗೇ ಬಿಟ್ಟು ಶಟರು ಎಳೆಯುವ ಕ್ರಮ ನನ್ನದಲ್ಲ. ಇದೊಂದು ಪೈಪು ಮಾಡಿ ಕೂರಿಸುತ್ತೇನೆ. ಮತ್ತೆ ಮುಗಿಯಿತು. ಅಳತೆಗೆ ಹಳೆಯದನ್ನು ಕೊಡಲಿಕ್ಕೆ ಹೇಳಿ."

"ಕೊಡುವುದಿಲ್ಲ," ಎಂದ ಕೂಸಪ್ಪ, ಪೈಪನ್ನು ಎದೆಗೆ ಒತ್ತಿಕೊಂಡು. "ಇದು ಸಾಕ್ಷಿ. ಅವನ ಕೈಗೆ ಸಿಕ್ಕಿದರೆ ಬದಲಾಯಿಸುತ್ತಾನೆ."

"ಹಾಗಾದರೆ ಹಿಡಿದುಕೊಂಡು ನಿಲ್ಲಲಿ. ನಾನು ನೋಡಿ ಬಗ್ಗಿಸುತ್ತೇನೆ."

ಹಾಗೆ ಕೂಸಪ್ಪ ಎರಡೂ ಕೈಗಳಲ್ಲಿ ಪೈಪನ್ನು ಎತ್ತಿ ಹಿಡಿದು ಅಂಗಳದ ನಡುವೆ ನಿಂತ, ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಹುಡುಗನಂತೆ.

ನಿಝಾರ್‌ನ ಬಗ್ಗಿಸುವ ಯಂತ್ರ ನೋಡಿದರೆ ಯಾರಿಗೂ ನಗು ಬರಬೇಕು. ಹಲಸಿನ ಹಲಗೆಗೆ ಹೊಡೆದ ಒಂದು ಹೊಲಿಗೆ ಯಂತ್ರದ ಕೈಗಾಲಿ. ಅವನ ತಾಯಿ ಆಸ್ಯಮ್ಮ ಇಪ್ಪತ್ತು ವರ್ಷ ಊರಿನ ಹೆಂಗಸರ ರವಕೆ ಹೊಲಿದ ಯಂತ್ರದ್ದು. ಅದರಲ್ಲಿ ಚರ್ಮದ ಬೆಲ್ಟು ಓಡುವ ತೋಡು ಉಂಟಲ್ಲ, ಬ್ರೇಕ್ ಪೈಪು ಅದರಲ್ಲಿ ಅಳೆದು ಮಾಡಿದ ಹಾಗೆ ಕೂರುತ್ತದೆ. ತೋಡಿನಲ್ಲಿ ಕೂತ ಪೈಪು ಎಷ್ಟು ಬಗ್ಗಿಸಿದರೂ ಚಪ್ಪಟೆಯಾಗುವುದಿಲ್ಲ. ಅವಸರ ಮಾಡಬಾರದು, ಅಷ್ಟೆ. ಹೆಬ್ಬೆರಳಿನಿಂದ ಒತ್ತಿ ಒಂದಿಷ್ಟು ಬಗ್ಗಿಸಿ, ಹಳೆಯದನ್ನು ನೋಡಿ, ಮತ್ತೆ ಒಂದಿಷ್ಟು. ಒಮ್ಮೆ ಹೆಚ್ಚು ಬಗ್ಗಿದ್ದನ್ನು ಹಿಂದಕ್ಕೆ ತಿರುಗಿಸಿದರೆ ಉಕ್ಕು ಅಲ್ಲಿ ಸೋಲುತ್ತದೆ. ನಿಝಾರ್ ಪ್ರತಿ ಬಾಗಿಗೂ ತುಟಿಯಲ್ಲೇ ಬಿಸ್ಮಿಲ್ಲಾ ಹೇಳುತ್ತಿದ್ದ.

"ಬೇಗ ಬೇಗ ಮಂತ್ರ ಮುಗಿಸಲಿಕ್ಕೆ ಹೇಳಿ," ಎಂದ ಕೂಸಪ್ಪ. "ಕೈ ಸೋಲ್ತದೆ."

"ಇವರ ನಾಲಿಗೆ ಸೋಲಲಿಲ್ಲವಲ್ಲ ಒಂದು ನಿಮಿಷ ನಲವತ್ತು ಸೆಕೆಂಡು."

"ಸೆಕೆಂಡು ಲೆಕ್ಕ ಹಾಕಿದ್ದಾನೆ ನೋಡಿ! ನನ್ನ ಹೆಂಡತಿಯ ಎಲುಬು ಲೆಕ್ಕ ಹಾಕಿದ್ದಾನಾ?"

ಅದು ತಾಗಿತು. ನಿಝಾರ್ ತುದಿ ಅರಳಿಸುವ ಕೆಲಸಕ್ಕೆ ಕೂತಿದ್ದ. ಪೈಪಿನ ತುದಿಯನ್ನು ಅಚ್ಚಿನಲ್ಲಿ ಹಿಡಿಸಿ ಒಳಮುಖವಾಗಿ ಮಡಚಿ ಹೂವಿನಂತೆ ಅಗಲ ಮಾಡಬೇಕು. ಆದರೆ ಅದಕ್ಕೆ ಮೊದಲು ಬಿಗಿಸುವ ನಿಪ್ಪಲನ್ನು ಪೈಪಿಗೆ ಪೋಣಿಸಿರಬೇಕು, ಇಲ್ಲದಿದ್ದರೆ ಆಮೇಲೆ ಅದು ಒಳಗೆ ಹೋಗುವುದಿಲ್ಲ. ಮೂವತ್ತು ವರ್ಷದಲ್ಲಿ ಅವನು ಮರೆಯದ್ದನ್ನು ಆ ದಿನ ಮರೆತ. ಎರಡನೆಯ ತುದಿ ಚೆಂದಕ್ಕೆ ಅರಳಿತು. ನಿಪ್ಪಲು ಬೆಂಚಿನ ಮೇಲೆಯೇ ಕೂತು ಅವನನ್ನು ನೋಡುತ್ತಿತ್ತು.

ಕೂಸಪ್ಪ ನಕ್ಕ. ಹೊಟ್ಟೆ ತುಂಬ ನಕ್ಕ. "ಲೋಕನಾಥಣ್ಣ, ಇದನ್ನೂ ತೀರ್ಪಿನಲ್ಲಿ ಸೇರಿಸಿ!"

ಕೊಯ್ದು ಇನ್ನೊಮ್ಮೆ ಅರಳಿಸಿದರೆ ಪೈಪು ಗಿಡ್ಡವಾಗುತ್ತದೆ. ನಿಝಾರ್ ಅದನ್ನು ಮೂಲೆಗಿಟ್ಟು ಸುರುಳಿಯಿಂದ ಹೊಸ ಉದ್ದ ಕೊಯ್ದ. ಮೊದಲಿನಿಂದ ಶುರು ಮಾಡಿದ. ಕೂಸಪ್ಪ ಮತ್ತೆ ಕೈ ಎತ್ತಬೇಕಾಯಿತು.

ಆಗ ಆಸ್ಯಮ್ಮ ಹಿಂದಿನ ಮನೆಯಿಂದ ಮೂರು ಲೋಟ ಚಹಾ ತಂದರು. ಎಪ್ಪತ್ತಾರರ ಮುದುಕಿ, ತಲೆಗೆ ಹೊದ್ದ ಬಿಳಿ ಬಟ್ಟೆಯ ತಟ್ಟ. ಮೂರನೆಯ ಲೋಟವನ್ನು ಕೂಸಪ್ಪನ ಕಾಲ ಬಳಿಯ ಕಲ್ಲಿನ ಮೇಲಿಟ್ಟರು.

"ನನಗೆ ಬೇಡ," ಎಂದ ಕೂಸಪ್ಪ.

"ಕುಡಿಯಬೇಡ. ಲೋಟ ಅಲ್ಲಿರಲಿ. ಪಕ್ಕದ ಮನೆಯವಳು ಫೋನಿನಲ್ಲಿ ನಿನ್ನ ಮಾತು ಕೇಳಿಸಿದಳು. ನನ್ನ ಮಗ ಎಂಥವನು ಹೇಳಿ ಅದರಲ್ಲಿ ಕೇಳಿದೆ. ನಿನ್ನ ರಾಜೀವಿ ಹೇಗಿದ್ದಾಳೆ?"

ಕೂಸಪ್ಪ ಪೈಪನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದ.

"ಅವಳ ಮದುವೆಯ ರವಕೆ ಹೊಲಿದದ್ದು ಆ ಗಾಲಿಯಲ್ಲೇ," ಎಂದು ಹಲಗೆಯ ಕಡೆ ಗಲ್ಲ ತೋರಿಸಿ ಮುದುಕಿ ಹೋದರು.

ಹೊತ್ತು ಏರಿತು. ಹಿಡಿದೂ ಹಿಡಿದೂ ಬೆವೆತ ಕೂಸಪ್ಪನ ಹೆಬ್ಬೆರಳು ಪೈಪಿನ ಮೇಲೆ ಅತ್ತಿತ್ತ ಉಜ್ಜಿತು. ಹಕ್ಕಳೆ ಪುಡಿಯಾಗಿ ಉದುರಿತು. ಅವನು ಬೆರಳು ನೋಡಿಕೊಂಡ. ನೀಲಿ. ಪೈಪು ನೋಡಿದ. ಕೆಂಪು.

ಆ ಎರಡು ಬಣ್ಣಗಳನ್ನು ಅವನು ಮೂವತ್ತು ವರ್ಷಗಳಿಂದ ಪ್ರತಿ ಜೂನಿನಲ್ಲಿ ನೋಡಿದ್ದ. ಅಡಿಕೆಯ ಮದ್ದೆಂದರೆ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ತಿಳಿ ಬೆರೆಸುವುದು. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದಕ್ಕೆ ಅದ್ದಿ ನೋಡುವುದು ಕ್ರಮ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ತುತ್ತ ಕಬ್ಬಿಣವನ್ನು ತಿನ್ನುತ್ತಿದೆ, ತಿಂದಲ್ಲಿ ತನ್ನ ತಾಮ್ರವನ್ನು ಬಿಡುತ್ತಿದೆ. ಇದನ್ನು ತೋಡಾರಿನ ಮೆಕ್ಯಾನಿಕ್ ಅರಿಯ. ಹೊಳೆಬದಿಯ ನರಿಕೊಂಬಿನ ಬಸ್ಸು ಡ್ರೈವರೂ ಅರಿಯ. ಆ ಅಂಗಳದಲ್ಲಿ ಅರಿತವನು ಕೂಸಪ್ಪ ಒಬ್ಬನೇ.

ಕಳೆದ ಜೂನಿನಲ್ಲಿ ಕೆಲಸಕ್ಕೆ ಸಮಯ ಸಾಲದೆ ಅವನು ತುತ್ತವನ್ನು ಮನೆಯಲ್ಲೇ ಕರಗಿಸಿ, ಸುಣ್ಣ ಬೆರೆಸುವ ಮೊದಲೇ ಡ್ರಮ್ಮಿನಲ್ಲಿ ತುಂಬಿ ವ್ಯಾನಿಗೆ ಹಾಕಿದ್ದ. ಡ್ರಮ್ಮಿನ ಮುಚ್ಚಳ ಒಡೆದಿತ್ತು. "ಹಾಗೆ ತಕೊಂಡು ಹೋಗಬೇಡಿ, ಚೆಲ್ಲುತ್ತದೆ," ಎಂದು ರಾಜೀವಿ ಹೇಳಿದ್ದಳು. ಒಂದಲ್ಲ, ಮೂರು ಬೆಳಿಗ್ಗೆ ಹೇಳಿದ್ದಳು. "ನಿನಗೆ ಎಲ್ಲದಕ್ಕೂ ಬಾಯಿ," ಎಂದಿದ್ದ. ತಿರುವು ತಿರುವಿಗೂ ನೀಲಿ ನೀರು ತುಳುಕಿ, ತಗಡಿನ ತೂತಿನಿಂದ ಇಳಿದು, ಅಡಿಯಲ್ಲಿ ಅವನೇ ಕಟ್ಟಿದ ಗೋಣಿಯನ್ನು ತೋಯಿಸಿತ್ತು. ಗೋಣಿ ಅದನ್ನು ವಾರಗಟ್ಟಲೆ ಪೈಪಿಗೆ ಒತ್ತಿ ಹಿಡಿದಿತ್ತು.

ಕೂಸಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡ. ಕಾಲ ಬಳಿ ಚಹಾ ಇತ್ತು. ಮುಟ್ಟಲಿಲ್ಲ. ಹೇಳಿದರೆ ರಾಜೀವಿಯ ಕೈ ಮುರಿದವನು ತಾನೇ ಆಗುತ್ತೇನೆ. ಹೇಳದಿದ್ದರೆ ಸಂಜೆಗೆ ಈ ಶಟರು ಇಳಿಯುತ್ತದೆ. ಇಳಿಯಲಿ, ಎಂದುಕೊಂಡ.

ಮಧ್ಯಾಹ್ನದ ಬಾಂಗ್ ಕೇಳಿತು. ನಿಝಾರ್ ಕೈಕಾಲು ತೊಳೆದು ಮಸೀದಿಗೆ ಹೋದ. ಲೋಕನಾಥ ಬೆಂಚಿನಲ್ಲಿ ಬುತ್ತಿ ಬಿಚ್ಚಿ ಉಂಡು ಅಲ್ಲೇ ತೂಕಡಿಸಿದ. ಕೂಸಪ್ಪ ವ್ಯಾನಿನ ಹಿಂಬಾಗಿಲು ತೆರೆದು ರಬ್ಬರು ಚಾಪೆ ಎತ್ತಿದ. ತಗಡಿನ ಮೇಲೆ ನೀಲಿ ಒಣಗಿ ಕೂತಿತ್ತು, ಅಂಗೈಯಗಲ. ಪಕ್ಕದಲ್ಲಿ ಒದ್ದೆ ಬಟ್ಟೆ ಇತ್ತು, ನಲ್ಲಿ ಇತ್ತು, ನೋಡುವವರು ಯಾರೂ ಇರಲಿಲ್ಲ. ಬಟ್ಟೆ ಕೈಗೆತ್ತಿಕೊಂಡು ಅವನು ನಿಂತ. ದಿನಾ ಬೆಳಿಗ್ಗೆ ಅವನು ದೈವದ ಗುಡಿಯ ಎದುರು ಕೈ ಮುಗಿದು, ಕಂಡದ್ದನ್ನು ಕಂಡ ಹಾಗೆ ಹೇಳುವ ಬುದ್ಧಿ ಕೊಡು ಎಂದು ಬೇಡುತ್ತಿದ್ದ. ಅಪ್ಪ ಕಲಿಸಿದ್ದು, ಅರ್ಥ ನೋಡದೆ ಹೇಳುತ್ತಿದ್ದದ್ದು. ಅವನು ಒರೆಸಲಿಲ್ಲ. ಹೇಳುವ ಮನಸ್ಸೂ ಮಾಡಲಿಲ್ಲ. ಚಾಪೆ ಹಾಸಿ ಬಾಗಿಲು ಮುಚ್ಚಿದ.

ನಿಝಾರ್ ಬಂದು ಹೊಸ ಪೈಪನ್ನು ಅಡಿಯಲ್ಲಿ ಕೂರಿಸಿದ. ಒಂದೇ ಸಲಕ್ಕೆ, ಎಲ್ಲಿಯೂ ಎಳೆಯದೆ, ಒತ್ತದೆ ಕೂತಿತು. ಹೊಸ ರಬ್ಬರು ಕ್ಲಿಪ್ಪು ಹಾಕಿದ. ಎಣ್ಣೆ ತುಂಬಿಸಿದ. ಇನ್ನು ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಅದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಅಡಿಯಲ್ಲಿ ಮಲಗಿ ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಬೇಕು, ಇನ್ನೊಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು. ಹೇಳುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ಮತ್ತೆ ಒಳಗೆ.

"ನನ್ನ ಮೊಣಕಾಲಿಗೆ ಆಪರೇಷನ್ ಆದದ್ದು," ಎಂದ ಲೋಕನಾಥ. "ನನ್ನಿಂದ ಆಗುವುದಿಲ್ಲ."

"ಕೆಲಸದಾಳು ಎಲ್ಲಿ?" ಎಂದ ಕೂಸಪ್ಪ.

"ಇವರ ಮಾತು ಕೇಳಿ ಹೋದ," ಎಂದ ನಿಝಾರ್.

ಕೂಸಪ್ಪ ಡ್ರೈವರ್ ಸೀಟಿಗೆ ಹತ್ತಿದ. ಇನ್ನು ನಡುವೆ ಟೆಲಿಫೋನು ನಡೆಯುವುದಿಲ್ಲ. ಅಡಿಯಿಂದ ಧ್ವನಿ ಬಂತು, ಹದಿನೈದು ದಿನಗಳಲ್ಲಿ ಮೊದಲ ಸಲ ನೇರವಾಗಿ.

"ಒತ್ತು."

"ಒತ್ತಿದೆ."

"ಹಿಡಿ."

ಸ್ಕ್ರೂ ಸಡಿಲಾಯಿತು, ಬಾಟ್ಲಿಯಲ್ಲಿ ಗುಳುಗುಳು ಎಂದಿತು, ಪೆಡಲು ಕಾಲಡಿಯಲ್ಲಿ ಮೆಲ್ಲನೆ ಮುಳುಗಿತು. ಆ ಮುಳುಗುವಿಕೆ ಕೂಸಪ್ಪನಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ಹೀಗೆಯೇ ಮುಳುಗಿತ್ತು. ಪಕ್ಕದಲ್ಲಿ ರಾಜೀವಿ "ದೇವರೇ" ಎಂದು ಕೂಡ ಹೇಳಿರಲಿಲ್ಲ. ಅವನ ಮುಖ ನೋಡಿದ್ದಳು, ಅಷ್ಟೆ.

"ಬಿಡು. ಇನ್ನೊಮ್ಮೆ. ಒತ್ತು. ಹಿಡಿ."

"ಹಿಡಿದಿದ್ದೇನೆ."

ನೆಲದ ತಗಡಿನ ಅಡಿಯಲ್ಲಿ ಒಬ್ಬ ಮನುಷ್ಯ ಮಲಗಿದ್ದ. ಅವನ ಎದೆಯ ಮೇಲೆ ಈ ಗಾಡಿ, ಗಾಡಿಯ ಮೇಲೆ ತಾನು.

"ಮೈಲುತುತ್ತ," ಎಂದ ಕೂಸಪ್ಪ.

ಅಡಿಯಲ್ಲಿ ಸ್ಪಾನರಿನ ಸದ್ದು ನಿಂತಿತು.

"ಮದ್ದಿನ ತುತ್ತ. ಅದು ಕಬ್ಬಿಣ ತಿಂದು ತಾಮ್ರ ಬಿಡ್ತದೆ. ಡ್ರಮ್ಮಿನ ಮುಚ್ಚಳ ಒಡೆದಿತ್ತು, ಚೆಲ್ಲಿತ್ತು. ಗೋಣಿ ಹೀರಿಕೊಂಡಿತು. ಹಿಂದೆ ಚಾಪೆಯ ಅಡಿಯಲ್ಲಿ ಕಲೆ ಉಂಟು."

"ಕಾಲು ತೆಗೀಬೇಡ."

"ತೆಗೆಯಲಿಲ್ಲ."

"ನಾನು ಹೇಳುವವರೆಗೆ ತೆಗೀಬೇಡ."

ಸ್ಕ್ರೂ ಬಿಗಿಯಾದದ್ದು ಕೇಳಿತ್ತು. ಆದರೂ ನಿಝಾರ್ ಬಿಡು ಎನ್ನಲಿಲ್ಲ. ಕೂಸಪ್ಪನ ಮೀನಖಂಡ ಸೆಟೆದು ನೋಯತೊಡಗಿತು. ಅವನು ಹಿಡಿದೇ ಇದ್ದ.

"ಬಿಡು," ಎಂದಿತು ಕೊನೆಗೆ ಧ್ವನಿ.

ಉಳಿದ ಚಕ್ರಗಳ ಗಾಳಿಯನ್ನೂ ಹಾಗೆಯೇ ತೆಗೆದರು, ಒತ್ತು, ಹಿಡಿ, ಬಿಡು ಎಂಬ ಮೂರು ಶಬ್ದಗಳ ಹೊರತು ಬೇರೆ ಮಾತಿಲ್ಲದೆ. ಆಮೇಲೆ ನಿಝಾರ್ ಹೊರಗೆ ಬಂದು, ಹಿಂಬಾಗಿಲು ತೆರೆದು, ಚಾಪೆ ಎತ್ತಿ, ಲೋಕನಾಥನಿಗೆ ಕಲೆ ತೋರಿಸಿದ. ಲೋಕನಾಥ ಬೆರಳಿನಿಂದ ಮುಟ್ಟಿ, ಪೈಪಿನ ಪಕ್ಕ ಹಿಡಿದು ನೋಡಿದ.

"ಒಂದೇ," ಎಂದ. "ಕೂಸಪ್ಪ, ನಿನಗೆ ಇದು ಬೆಳಿಗ್ಗೆಯೇ ಗೊತ್ತಿತ್ತಾ?"

"ಬೆಳಿಗ್ಗೆ ಇಲ್ಲ. ಪೈಪು ಹಿಡಿದು ನಿಂತಾಗ."

"ಅಂದರೆ ಹನ್ನೊಂದಕ್ಕೆ," ಎಂದ ನಿಝಾರ್. "ಈಗ ನಾಲ್ಕು. ಐದು ಗಂಟೆ ಹೊತ್ತು ನನ್ನ ಅಂಗಳದಲ್ಲಿ ನಿಂತು ನಾನು ಶಟರು ಎಳೆಯುವುದನ್ನು ಕಾಯ್ತಿದ್ದಿ. ಹದಿನೈದು ದಿನದ ಹಿಂದೆ ಹೇಳಿದ್ದು ಸಿಟ್ಟಿನಲ್ಲಿ. ಅದನ್ನು ಬಿಡುವ. ಈ ಐದು ಗಂಟೆ ಯಾವುದರಲ್ಲಿ?"

ಕೂಸಪ್ಪ ಎತ್ತಿದ್ದ ಚಾಪೆಯನ್ನು ಮತ್ತೆ ಹಾಸಲು ಹೋದ. ನಿಝಾರ್ ತಡೆದ.

"ಇಲ್ಲಿ ಹೇಳಿದರೆ ಆಗುವುದಿಲ್ಲ. ಎಲ್ಲಿ 'ನೋಡಿಕೊಳ್ಳಿ' ಹೇಳಿದೆಯೋ ಅಲ್ಲಿಯೇ ಹೇಳು."

ಕೂಸಪ್ಪ ಫೋನು ತೆಗೆದ. ಮೊದಲ ಸಲ ಹೇಳಿದ್ದನ್ನು ನಡುವೆಯೇ ನಿಲ್ಲಿಸಿ ಅಳಿಸಿದ. ಎರಡನೆಯ ಸಲ ಹೇಳಿದ: "ಕೂಸಪ್ಪ ಮಾತಾಡುವುದು. ನನ್ನ ಗಾಡಿಯ ಪೈಪು ಹೋದದ್ದು ನಾನು ಚೆಲ್ಲಿದ ಮೈಲುತುತ್ತದಿಂದ. ನಿಝಾರ್ ಹಾಕಿದ ಪೈಪು ಒಳ್ಳೆಯದೇ ಇತ್ತು. ತಪ್ಪು ನನ್ನದು." ಹದಿನಾಲ್ಕು ಸೆಕೆಂಡು.

"ಬೈಯುವಾಗ ಹೊಳೆ, ಈಗ ಒರತೆ," ಎಂದ ಲೋಕನಾಥ.

ಕೂಸಪ್ಪ ಹಳೆಯ ಪೈಪನ್ನು ಬೆಂಚಿನ ಮೇಲಿಟ್ಟ. ಕಲ್ಲಿನ ಮೇಲಿನ ಚಹಾಕ್ಕೆ ಕೆನೆ ಕಟ್ಟಿತ್ತು. ಅದನ್ನು ಎತ್ತಿ ಕುಡಿಯುವನೇನೋ ಎಂದು ಲೋಕನಾಥ ನೋಡಿದ. ಆದರೆ ನಿಝಾರ್ ಮೊದಲೇ ಬಾಗಿ ಲೋಟ ತೆಗೆದು ಚಹಾವನ್ನು ಅಂಗಳಕ್ಕೆ ಚೆಲ್ಲಿದ.

"ಬ್ರೇಕು ಸರಿ ಉಂಟು. ಹೋಗು," ಎಂದ.

ಮನೆಯಲ್ಲಿ ರಾಜೀವಿ ಪ್ಲಾಸ್ಟರು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂತಿದ್ದಳು. ಅವನು ಎದುರಿಗೆ ಕೂತು ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. "ಮುಚ್ಚಳದ ವಿಷಯ ಮೂರು ಸಲ ಹೇಳಿದ್ದೆ," ಎಂದಳು ಅಷ್ಟೆ. ಆಮೇಲೆ ಕೇಳಿದಳು, "ಇವತ್ತು ಹೇಳಿದ ಮಾತು ಎಲ್ಲಿಯವರೆಗೆ ಹೋಯಿತು?"

ಅವನು ಗುಂಪು ತೆರೆದು ನೋಡಿದ. ನಾಲ್ಕು ಹೆಬ್ಬೆರಳು, ಒಂದು ನಗುವ ಮುಖ. ಮೊದಲಿನದನ್ನು ಊರೂರಿಗೆ ದಾಟಿಸಿದವರು ಇದನ್ನು ಶಿರ್ತಾಡಿಯ ಗಡಿ ದಾಟಿಸಿರಲಿಲ್ಲ.

"ಇಲ್ಲಿ ಕೊಡಿ," ಎಂದಳು ರಾಜೀವಿ. ಫೋನನ್ನು ಮಡಿಲಲ್ಲಿಟ್ಟು, ಸರಿಯಿದ್ದ ಒಂದು ಕೈಯ ಹೆಬ್ಬೆರಳಿನಿಂದ, ಅವನ ಹದಿನಾಲ್ಕು ಸೆಕೆಂಡುಗಳನ್ನು ಒಂದೊಂದೇ ಗುಂಪಿಗೆ ಕಳಿಸಿದಳು. ಮೂಡುಬಿದಿರೆಯ ತವರಿನವರಿಗೆ, ಬೆಳ್ತಂಗಡಿಯ ತೋಟದವರಿಗೆ, ಬಂಟ್ವಾಳದ ಸ್ವಸಹಾಯ ಸಂಘಕ್ಕೆ. ಪ್ರತಿಯೊಂದರ ಅಡಿಗೂ ತನ್ನ ಧ್ವನಿ ಸೇರಿಸಿದಳು: "ಕೈ ಮುರಿದದ್ದು ನನ್ನದು. ನಾನು ಹೇಳ್ತೇನೆ, ಇದು ಸತ್ಯ. ಮುಂದಕ್ಕೆ ಕಳಿಸಿ." ಸಂಜೆಯ ದೀಪ ಹಚ್ಚುವ ಹೊತ್ತಾಗಿತ್ತು. ಕೂಸಪ್ಪ ಎದ್ದು ತಾನೇ ಹಚ್ಚಿದ. ಅವಳು ತಲೆ ಎತ್ತಲಿಲ್ಲ.

ಕೂಸಪ್ಪ ಮತ್ತು ನಿಝಾರ್ ಆಮೇಲೆ ಮಾತಾಡಲಿಲ್ಲ. ಮೂಡುಬಿದಿರೆಯ ಪೇಟೆಯಲ್ಲಿ ಎದುರಾದರೆ ಒಬ್ಬ ಅಂಗಡಿಯ ಬೋರ್ಡು ಓದುತ್ತಾನೆ, ಇನ್ನೊಬ್ಬ ಫೋನು ನೋಡುತ್ತಾನೆ. ಹಳೆಯ ಪೈಪು ಗ್ಯಾರೇಜಿನ ಬಾಗಿಲ ಮೊಳೆಯಲ್ಲಿ ನೇತಾಡುತ್ತಿದೆ, ಪಕ್ಕದಲ್ಲಿ ಅಯಸ್ಕಾಂತ.

ಅದೇ ವಾರ ಗುರುವಾರ ಶಾಲಾ ವ್ಯಾನುಗಳಲ್ಲಿ ಒಂದು ಹಿಂದೆ ಬಂತು. ಡ್ರೈವರ್ ಸೀಟಿನಲ್ಲಿ ಕೂತ ಯಜಮಾನ ನಾಚಿಕೊಂಡು, ಆ ನಾಚಿಕೆಯನ್ನು ಮಾತಿನಲ್ಲಿ ಮುಚ್ಚಲು, "ಆ ಕೂಸಪ್ಪ ಎಂಥ ಜನ ಅಲ್ವಾ ನಿಝಾರ್? ನಾವು ಆಗಲೇ ನಂಬಲಿಲ್ಲ" ಎಂದ.

ನಿಝಾರ್ ಅಡಿಗೆ ಜಾರಿದ್ದ.

"ಪೆಡಲು ಒತ್ತು," ಎಂದ. "ಹಿಡಿ. ನಾನು ಹೇಳುವವರೆಗೆ ಬಿಡಬೇಡ."